ಚೆಂಡೋ ಧೂಳೋ

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ. ನಡುವೆ ಎದ್ದು ಹೋಗಬೇಡಿ, ಯಾಕೆಂದರೆ ಕೊನೆಯಲ್ಲಿ ನಿಮ್ಮನ್ನೇ ಒಂದು ಮಾತು ಕೇಳುವುದಿದೆ. ಆಗ ಯಾವ ಚೆಂಡು, ಯಾವ ಅಜ್ಜಿ ಎಂದು ತಲೆ ಕೆರೆದುಕೊಂಡರೆ ಕಥೆಯನ್ನು ಮತ್ತೆ ಮೊದಲಿನಿಂದ ಸುತ್ತಬೇಕು. ಸುತ್ತಿದ್ದನ್ನೇ ಮತ್ತೆ ಸುತ್ತುವ ಕಷ್ಟ ಏನೆಂದು ಚೂಟಿಗೆ ಗೊತ್ತು.

ಚೂಟಿ ಹಳೆಯ ಫಿಲ್ಮುಗಳನ್ನು ಕಾಪಾಡಿಡುವ ಭಂಡಾರದಲ್ಲಿ ಕೆಲಸಕ್ಕಿದ್ದಳು. ಎಲ್ಲದಕ್ಕೂ ಮೊದಲು ನುಗ್ಗುವುದು, ಆಮೇಲೆ ಯೋಚಿಸುವುದು, ಅದಕ್ಕೇ ಮನೆಯಲ್ಲಿ ಆ ಅಡ್ಡಹೆಸರು. ಅವಳು ಕೆಲಸ ಮಾಡುವ ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ. ಹೊರಗೆ ಎಷ್ಟೇ ಸೆಕೆಯಿದ್ದರೂ ಒಳಗೆ ಸ್ವೆಟರು ಬೇಕು, ಏಕೆಂದರೆ ಫಿಲ್ಮುಗಳಿಗೆ ತಂಪು ಬೇಕು. ಮನುಷ್ಯರಿಗೇನು ಬೇಕೆಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ನಡುವೆ ಮಂಚದಷ್ಟು ದೊಡ್ಡ ಸ್ಕ್ಯಾನರ್. ಅದರಾಚೆ ಮೇಲಧಿಕಾರಿ ಡಬ್ಬಿ ಸಾರ್ ಅವರ ಮೇಜು. ಹಾಳಾಗುತ್ತಿರುವ ಫಿಲ್ಮು ಹುಳಿಹುಳಿ ವಾಸನೆ ಹೊಡೆಯುತ್ತದೆ. ಡಬ್ಬಿ ಸಾರ್ ರೀಲಿನ ಡಬ್ಬಿ ತೆರೆದು, ಮೂಗು ಒಳಗಿಟ್ಟು ಒಮ್ಮೆ ಉಸಿರೆಳೆದರೆ ಸಾಕು, ಒಳಗಿನ ಫಿಲ್ಮು ಎಷ್ಟು ಕೆಟ್ಟಿದೆ, ಇನ್ನೆಷ್ಟು ದಿನ ತಡೆದೀತು ಎಂದು ನಾಡಿ ಹಿಡಿದ ವೈದ್ಯರ ಹಾಗೆ ಹೇಳಿಬಿಡುತ್ತಿದ್ದರು. ಮೂಸಿ ಮೂಸಿ ಅವರಿಗೆ ಊಟದಲ್ಲಿ ಹುಳಿ ಪದಾರ್ಥ ಕಂಡರೇ ಆಗುತ್ತಿರಲಿಲ್ಲ.

ಒಂದು ಬೆಳಗ್ಗೆ ತುಕ್ಕು ಹಿಡಿದ ಡಬ್ಬಿಯೊಂದು ಬಂತು. ಡಬ್ಬಿ ಸಾರ್ ಮುಚ್ಚಳ ಎಬ್ಬಿಸಿದರು, ಮೂಸಿದರು, ಕಣ್ಣಲ್ಲಿ ನೀರು ತುಂಬಿಕೊಂಡು ಹಿಂದೆ ಸರಿದರು.

"ಇದು ಹೋಗೋ ಜೀವ ಕಣಮ್ಮ. ಬೇಗ ಸ್ಕ್ಯಾನ್ ಮಾಡು."

ಚೂಟಿ ಚೀಟಿ ನೋಡಿದಳು. ತನ್ನ ಊರಿನದೇ ಟೆಲಿಫೋನ್ ಎಕ್ಸ್‌ಚೇಂಜಿನ ಬೆಳ್ಳಿಹಬ್ಬದ ಚಿತ್ರ. ಅವಳ ಎದೆ ಧಸಕ್ಕೆಂದಿತು. ಯಾಕೆ ಧಸಕ್ಕೆಂದಿತು ಎಂದು ತಿಳಿಯಬೇಕಾದರೆ ಅವಳ ಮನೆಯ ಶೆಲ್ಫಿನ ಮೇಲಿರುವ ಬಹುಮಾನದ ಕಪ್ಪಿನ ವಿಷಯ ಹೇಳಲೇಬೇಕು.

ಚೂಟಿ ಇದ್ದದ್ದು ಅಜ್ಜಿ ತಾತನ ಮನೆಯಲ್ಲಿ, ಅಲ್ಲಿಂದ ಕೆಲಸಕ್ಕೆ ಹತ್ತಿರ ಎಂದು. ಕೆಳಗೆ ಇವರು ಮೂವರು. ಮಹಡಿಯಲ್ಲಿ ತಾತನ ತಂಗಿ, ಚೂಟಿಗೆ ಚಿಕ್ಕಜ್ಜಿ. ಹರೆಯದಲ್ಲಿ ಅಜ್ಜಿಯೂ ಚಿಕ್ಕಜ್ಜಿಯೂ ಎಕ್ಸ್‌ಚೇಂಜಿನಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಯಾರದೋ ಫೋನನ್ನು ಯಾರಿಗೋ ಜೋಡಿಸುತ್ತಿದ್ದವರು. ತಾತ ಅಲ್ಲೇ ತಂತಿ ರಿಪೇರಿಯವನು. ಬೆಳ್ಳಿಹಬ್ಬಕ್ಕೆ ಹೆಂಗಸರ ಟೇಬಲ್ ಟೆನ್ನಿಸ್ ಪಂದ್ಯ ಇಟ್ಟರು, ಫೈನಲ್ಲಿಗೆ ಇವರಿಬ್ಬರೇ ಬಂದರು, ಅಂಪೈರ್ ಕುರ್ಚಿಯಲ್ಲಿ ತಾತ ಕೂತ. ಆಟ ಸಮಸಮವಾಗಿ ಎಳೆದಾಡತೊಡಗಿದಾಗ, ಚಹಾ ತಣ್ಣಗಾಗುತ್ತಿದೆ ಎಂದು ಎಕ್ಸ್‌ಚೇಂಜಿನ ಸಾಹೇಬರು ಚಡಪಡಿಸಿ, ಮುಂದಿನ ಪಾಯಿಂಟು ಗೆದ್ದವರಿಗೇ ಕಪ್ ಎಂದು ಸಾರಿಬಿಟ್ಟರು. ಅಜ್ಜಿ ಬೀಸಿ ಹೊಡೆದ ಚೆಂಡು ಚಿಕ್ಕಜ್ಜಿಯ ಕಡೆಯ ಟೇಬಲಿನ ಅಂಚಿನ ಹತ್ತಿರ ಹಾದು ನೆಲಕ್ಕೆ ಬಿತ್ತು. ಅಂಚಿಗೆ ತಾಗಿದ್ದರೆ ಪಾಯಿಂಟು ಅಜ್ಜಿಯದು. ತಾಗದಿದ್ದರೆ ಚಿಕ್ಕಜ್ಜಿಯದು. ತಾತ ಕೈಯೆತ್ತಿ ತಾಗಿತು ಎಂದ. ಕಪ್ ಅಜ್ಜಿಗೆ ಹೋಯಿತು. ಮರುವರ್ಷ ತಾತನೂ ಅಜ್ಜಿಗೇ ಹೋದ.

ಅಂದಿನಿಂದ ಇಂದಿನವರೆಗೆ ಚಿಕ್ಕಜ್ಜಿಯದು ಒಂದೇ ಮಾತು. ಚೆಂಡು ತಾಗಲಿಲ್ಲ, ಅಣ್ಣ ಚೆಂಡನ್ನು ನೋಡಲೂ ಇಲ್ಲ, ಅತ್ತಿಗೆಯ ಮುಖ ನೋಡಿಕೊಂಡು ಕೈಯೆತ್ತಿದ. ದಿನಾ ಸಂಜೆ ಅವಳು ಮಹಡಿ ಇಳಿದು ಬರುತ್ತಾಳೆ, ಊಟದ ಮೇಜಿನ ಪಕ್ಕದ ಶೆಲ್ಫಿನಲ್ಲಿರುವ ಕಪ್ಪಿನ, ಅಜ್ಜಿಯ ಹೆಸರು ಕೆತ್ತಿದ ಮುಖವನ್ನು ಗೋಡೆಗೆ ತಿರುಗಿಸುತ್ತಾಳೆ, ಆಮೇಲೆ ಕೂತು ಚಹಾ ಕುಡಿಯುತ್ತಾಳೆ. ಬೆಳಗ್ಗೆ ಅಜ್ಜಿ ಅದನ್ನು ಮತ್ತೆ ಮುಂದಕ್ಕೆ ತಿರುಗಿಸುತ್ತಾಳೆ. ತಿರುಗಿ ತಿರುಗಿ ಶೆಲ್ಫಿನ ಮರದಲ್ಲಿ ದುಂಡಗೆ ಗುಳಿ ಬಿದ್ದಿದೆ. ಈ ವಿಷಯ ಎದ್ದಾಗಲೆಲ್ಲ ತಾತ ಕಿವಿಯ ಮಿಷನ್ ಕಳಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಆದರೆ ಇಡೀ ಬಳಗ ನಂಬಿದ್ದು ಅಜ್ಜಿಯನ್ನೇ. ಆ ಮನೆತನದಲ್ಲಿ ಯಾವ ಮಗು ಆಟದಲ್ಲಿ ಸೋತು ಮೂತಿ ಊದಿಸಿಕೊಂಡರೂ ದೊಡ್ಡವರು ಹೇಳುವುದು, ಚಿಕ್ಕಜ್ಜಿ ಆಟ ಆಡಬೇಡ ಎಂದು.

ಈಗ ಆ ಕೊನೆಯ ಪಾಯಿಂಟು ಚೂಟಿಯ ಕೈಯಲ್ಲಿತ್ತು, ಹುಳಿ ವಾಸನೆ ಹೊಡೆಯುತ್ತ.

ಅವಳಿಗೆ ಬಾಯಿಗೆ ಬೀಗ ಹಾಕಿಕೊಳ್ಳುವ ಅಭ್ಯಾಸವೇ ಇಲ್ಲ. ಅಂದು ಸಂಜೆಯೇ ಚಹಾದ ಹೊತ್ತಿಗೆ ಹೇಳಿಬಿಟ್ಟಳು. ತಾತನ ಕೈ ಕಿವಿಗೆ ಹೋಯಿತು. ಆಮೇಲೆ ಅಜ್ಜಿ, ಚೆಂಡು ತಾಗದಿದ್ದರೆ ಕಪ್ಪನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿ ನಾದಿನಿಯ ಮನೆಯಲ್ಲಿ ಇಟ್ಟು ಬರುತ್ತೇನೆ ಎಂದಳು. ಚಿಕ್ಕಜ್ಜಿ, ತಾಗಿದ್ದರೆ ಇನ್ನು ಮೇಲೆ ದಿನಾ ಆ ಕಪ್ಪನ್ನು ತಾನೇ ಉಜ್ಜಿ ತೊಳೆದು ಮುಂದಕ್ಕೆ ಮುಖ ಮಾಡಿ ಇಡುತ್ತೇನೆ ಎಂದಳು. ಆಮೇಲೆ ಇಬ್ಬರಿಗೂ ಒಟ್ಟಿಗೇ ಒಂದು ಅನುಮಾನ ಹುಟ್ಟಿತು, ಈ ಹುಡುಗಿ ಮೊದಲೇ ನೋಡಿ ಪಕ್ಷ ಕಟ್ಟಿದರೆ ಏನು ಗತಿ.

"ಕಪ್ ಮುಟ್ಟಿ ಆಣೆ ಮಾಡು," ಅಜ್ಜಿ ಹೇಳಿದಳು. "ಆ ಆಟನ ನಮ್ಗಿಂತ ಮುಂಚೆ ನೋಡಲ್ಲ ಅಂತ."

"ಹಿಂಭಾಗ ಮುಟ್ಟಿ ಮಾಡು," ಚಿಕ್ಕಜ್ಜಿ ಹೇಳಿದಳು. "ಮುಂಭಾಗದಲ್ಲಿ ಸುಳ್ಳು ಕೆತ್ತಿದ್ದಾರೆ."

ಚೂಟಿ ಎರಡೂ ಕಡೆ ಮುಟ್ಟಿ ಆಣೆ ಮಾಡಿದಳು. ಕೆಟ್ಟದ್ದೆಲ್ಲ ಶುರುವಾದದ್ದು ಅಲ್ಲಿಂದ.

ಫಿಲ್ಮಿನ ಸ್ಥಿತಿ ಹೇಳತೀರದು. ಬಿಸಿಲಿಗೆ ಒಣಗಿದ ಎಲೆಯಂತೆ ಸುರುಟಿಕೊಂಡಿತ್ತು, ಕುಗ್ಗಿ ಗಿಡ್ಡವಾಗಿತ್ತು. ಅಂಚಿನ ತೂತುಗಳು ಹಳೆಯ ಪ್ರೊಜೆಕ್ಟರಿನ ಹಲ್ಲಿನ ಚಕ್ರಕ್ಕೆ ಕೂರುತ್ತಲೇ ಇರಲಿಲ್ಲ, ಕೂರಿಸಿದ್ದರೆ ಪರಪರ ಹರಿದೇ ಹೋಗುತ್ತಿತ್ತು. ಆದರೆ ಚೂಟಿಯ ಸ್ಕ್ಯಾನರಿಗೆ ಹಲ್ಲೇ ಇಲ್ಲ. ಮೆತ್ತನೆಯ ಉರುಳೆಗಳ ಮೇಲೆ ಫಿಲ್ಮು ಮಗುವಿನ ಹಾಗೆ ಮಲಗಿ ಸಾಗುತ್ತದೆ, ತೂತು ಎಲ್ಲಿದೆಯೆಂದು ಕ್ಯಾಮೆರಾ ಕಣ್ಣಿಂದಲೇ ನೋಡಿಕೊಳ್ಳುತ್ತದೆ, ಫಿಲ್ಮಿನಲ್ಲಿ ಚಿತ್ರವಿರುವ ಒಂದೊಂದು ಚೌಕಕ್ಕೂ ದೀಪ ಮಿಣುಕಿ ಒಂದೊಂದು ಫೋಟೋ. ಅಷ್ಟು ಹಾಳಾದದ್ದು ಅಷ್ಟು ಚೆನ್ನಾಗಿ ಬರುತ್ತಿದ್ದರೆ ಚೂಟಿಗೆ ಕುಣಿಯುವಷ್ಟು ಖುಷಿ. ಸಾಲಾಗಿ ಕೂತ ಹುಡುಗಿಯರು, ಅವರ ಮುಂದೆ ತಂತಿಗಳ ಕಾಡು, ಯಾರದೋ ಜಡೆ, ಯಾರದೋ ಆಕಳಿಕೆ. ಟೇಬಲ್ ಟೆನ್ನಿಸ್ ಮೇಜಿನ ಒಂದು ಮೂಲೆ ಕಂಡದ್ದೇ ತಡ, ಅವಳು ಸ್ವೆಟರು ಬಿಚ್ಚಿ ಪರದೆಗೆ ಹೊದಿಸಿದಳು. ಆಣೆ ಎಂದರೆ ಆಣೆ. ಚಳಿಗೆ ನಡುಗುತ್ತ ಗೋಡೆ ನೋಡಿಕೊಂಡು ಕೂತಳು.

ಸ್ಕ್ಯಾನಾದ ಮೇಲೆ ಶುಚಿ ಮಾಡುವ ಕೆಲಸ. ಆ ಕೋಣೆಯ ನಿಯಮ ಎರಡು. ಮೂಲ ಸ್ಕ್ಯಾನನ್ನು ಎಂದೂ ಮುಟ್ಟಬಾರದು, ಒಂದು ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಬೇಕು. ಮಾಡಿದ ಮೇಲೆ ಪೂರ್ತಿ ಕಣ್ಣಾರೆ ನೋಡದೆ ಹೊರಗೆ ಬಿಡಬಾರದು. ಚೂಟಿ ಮೊದಲನೆಯದನ್ನು ಪಾಲಿಸಿದಳು. ಆಟದ ಭಾಗದಲ್ಲಿ ಬೂಷ್ಟು ಜಾಸ್ತಿ ಎಂದು ಡಬ್ಬಿ ಸಾರ್ ಮೂಸಿಯೇ ಹೇಳಿದ್ದರಿಂದ, ಕಣ್ಣು ಮುಚ್ಚಿಕೊಂಡೇ ಧೂಳು ಅಳಿಸುವ ಯಂತ್ರದ ಜೋರು ಹೆಚ್ಚಿಸುವ ಪಟ್ಟಿಯನ್ನು ತುದಿಯವರೆಗೆ ಎಳೆದು ಬಿಟ್ಟಳು. ಪೂರ್ತಿ ನೋಡಿದೆಯೇನಮ್ಮ ಎಂದು ಅವರು ಕೇಳಿದಾಗ, ಕಣ್ಣಿಗೆ ಒತ್ತಿಕೊಳ್ಳುವ ಹಾಗಿದೆ ಸಾರ್ ಎಂದಳು. ಮೊದಲರ್ಧ ಹಾಗೆಯೇ ಇತ್ತು, ಆದ್ದರಿಂದ ಸುಳ್ಳೂ ಅರ್ಧವೇ ಎಂದು ತನಗೆ ತಾನೇ ಹೇಳಿಕೊಂಡಳು.

ಹಳೆಯ ಚಿತ್ರಗಳಲ್ಲಿ ಇರುವವರನ್ನೂ ಅವರ ಮನೆಯವರನ್ನೂ ಕರೆದು ತೋರಿಸುವುದು ಭಂಡಾರದ ವಾಡಿಕೆ. ಆ ದಿನ ಎಕ್ಸ್‌ಚೇಂಜಿನ ನಿವೃತ್ತರೆಲ್ಲ ಮಕ್ಕಳು ಮೊಮ್ಮಕ್ಕಳ ಸಮೇತ ಬಂದು ಪುಟ್ಟ ಥಿಯೇಟರ್ ತುಂಬಿದರು. ಅಜ್ಜಿ ಕಪ್ಪನ್ನು ಚೀಲದಲ್ಲಿ ತಂದಿದ್ದಳು. ಚಿಕ್ಕಜ್ಜಿ ಅದನ್ನು ಒಯ್ಯಲು ಇನ್ನೊಂದು ಚೀಲ ತಂದಿದ್ದಳು. ತಾತ ಬಾಗಿಲ ಬಳಿಯ ಸೀಟೇ ಬೇಕೆಂದು ಹಟ ಹಿಡಿದ.

ಚಿತ್ರಕ್ಕೆ ಸದ್ದಿರಲಿಲ್ಲ. ಹುಡುಗಿಯರು ಕಂಡೊಡನೆ ಥಿಯೇಟರಿನಲ್ಲಿ ಸದ್ದಾಯಿತು. ಅವಳು ಇವಳು, ಇವಳು ಅವಳು ಎಂದು ಎಲ್ಲರೂ ಬೆರಳು ತೋರಿಸುವವರೇ. ಚೂಟಿ ಹಿಂದೆ ನಿಂತು ಉಬ್ಬಿ ಹೋದಳು. ಆಮೇಲೆ ಆಟ ಬಂತು. ಟೇಬಲಿನ ಈಚೆ ಹುಡುಗಿ ಅಜ್ಜಿ, ಆಚೆ ಹುಡುಗಿ ಚಿಕ್ಕಜ್ಜಿ, ನಡುವೆ ಎತ್ತರದ ಸ್ಟೂಲಿನ ಮೇಲೆ ಮೀಸೆ ಚಿಗುರಿದ ತಾತ. ಅಜ್ಜಿ ಬ್ಯಾಟು ಬೀಸಿದಳು. ಚಿಕ್ಕಜ್ಜಿ ಎಗರಿ ಬೀಸಿದಳು. ಅಜ್ಜಿ ಬಾಗಿ ಬೀಸಿದಳು. ತಾತನ ತಲೆ ಎಡಕ್ಕೆ, ಬಲಕ್ಕೆ, ಎಡಕ್ಕೆ. ಚಿತ್ರದೊಳಗಿನ ಜನ ಚಪ್ಪಾಳೆ ತಟ್ಟಿದರು, ಎದ್ದು ನಿಂತರು, ಟೋಪಿ ಹಾರಿಸಿದರು.

ಚೆಂಡು ಮಾತ್ರ ಇರಲಿಲ್ಲ.

ಗಾಜಿನಂತೆ ತಿಳಿಯಾದ ಚಿತ್ರ, ಒಂದು ಚುಕ್ಕಿ ಧೂಳಿಲ್ಲ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು ಎದುರುಬದುರು ನಿಂತು ನೊಣ ಹೊಡೆಯುತ್ತಿದ್ದಾರೆ, ಊರೆಲ್ಲ ಸೇರಿ ಅದಕ್ಕೆ ಭಲೇ ಎನ್ನುತ್ತಿದೆ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಥಿಯೇಟರಿಗೆ ಥಿಯೇಟರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪರದೆಯ ಮೇಲೆ ಅಜ್ಜಿ ಕೊನೆಯ ಬಾರಿ ಬೀಸಿದಳು, ತಾತ ಕೈಯೆತ್ತಿದ, ಸಾಹೇಬರು ಚಹಾದ ಕಡೆ ಓಡಿದರು. ಚೂಟಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು.

ದೀಪ ಹತ್ತಿದಾಗ ಮೊದಲು ಎದ್ದವಳು ಚಿಕ್ಕಜ್ಜಿ.

"ಎಲ್ರೂ ನೋಡಿದ್ರಲ್ಲ, ಚೆಂಡೇ ಇಲ್ಲ. ಇಲ್ದೇ ಇರೋ ಚೆಂಡು ಅಂಚಿಗೆ ಹೇಗೆ ತಾಗುತ್ತೆ ಅತ್ತಿಗೆ?"

"ಇಲ್ದೇ ಇರೋ ಚೆಂಡಿಗೆ ನೀನ್ಯಾಕೆ ಕೋತಿ ಥರ ಎಗರ್ತಿದ್ದೆ?" ಅಜ್ಜಿ ಕೇಳಿದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, ನನ್ನ ಚೆಂಡು ತಿಂದು ಹಾಕಿದ್ದು ಯಾರು, ಇವಳು ನಿನಗೆ ಏನು ಕೊಡಿಸಿದಳು ಎಂದು ವಿಚಾರಣೆಗೆ ನಿಂತಳು.

ಬಿಡಿಸಿ ಹೇಳಿದ್ದು ಡಬ್ಬಿ ಸಾರ್. ಧೂಳು ಅಳಿಸುವ ಯಂತ್ರಕ್ಕೆ ಧೂಳು ಯಾವುದೆಂದು ಗೊತ್ತಿಲ್ಲ. ಅದು ಹಿಂದಿನ ಚೌಕ, ಮುಂದಿನ ಚೌಕ ಎರಡನ್ನೂ ನೋಡುತ್ತದೆ. ನಡುವಿನ ಚೌಕದಲ್ಲಿ ಮಾತ್ರ ಒಂದು ಬಿಳಿ ಚುಕ್ಕಿ ಇದ್ದು, ಅಕ್ಕಪಕ್ಕದ ಚೌಕಗಳಲ್ಲಿ ಆ ಜಾಗ ಖಾಲಿಯಿದ್ದರೆ, ಅದನ್ನು ಕಸ ಎಂದು ಗುಡಿಸಿಬಿಡುತ್ತದೆ. ಓಡುವ ಚೆಂಡು ಒಂದು ಕಡೆ ನಿಲ್ಲುವುದಿಲ್ಲವಲ್ಲ, ಅದಕ್ಕೇ ಗುಡಿಸಿಕೊಂಡು ಹೋಯಿತು. ಪೂರ್ತಿ ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು ಎಂದು ಹೇಳಿ ಅವರು ಚೂಟಿಯನ್ನು ನೋಡಿದರು. ಕೆಟ್ಟ ಡಬ್ಬಿಯನ್ನು ನೋಡುವ ಹಾಗೆ. ಮೂಸಲಿಲ್ಲ, ಅಷ್ಟೇ. ಮೂಲ ಸ್ಕ್ಯಾನು ಇದೆ, ಅದರಲ್ಲಿ ಚೆಂಡೂ ಇದೆ, ಒಂದೊಂದು ಚೌಕದಲ್ಲೂ ಕೈಯಾರೆ ಹುಡುಕಿ ಮತ್ತೆ ಕೂರಿಸಬೇಕು, ಅದು ಇನ್ನು ಇವಳ ಕೆಲಸ ಎಂದರು.

ಅಲ್ಲಿಂದ ಚೂಟಿಯ ಪಾಡು ಯಾರಿಗೂ ಬೇಡ. ಮೂಲ ಸ್ಕ್ಯಾನಿನಲ್ಲಿ ಬಿಳಿ ಚುಕ್ಕಿಗಳ ಜಾತ್ರೆ. ಯಂತ್ರ ಒಂದೊಂದನ್ನೂ ತೋರಿಸಿ ಇಟ್ಟುಕೊಳ್ಳಲೇ, ಅಳಿಸಲೇ ಎಂದು ಕೇಳುತ್ತದೆ. ಅಜ್ಜಿ ನೆರವಿಗೆಂದು ಬಂದು, ಅಂಚಿಗೆ ಅಂಟಿಕೊಂಡ ಬೂಷ್ಟಿನ ಚುಕ್ಕಿಯನ್ನೇ ಚೆಂಡೆಂದು ಸಾಧಿಸಿದಳು. ಚಿಕ್ಕಜ್ಜಿ ಬಂದು ಗೋಡೆಯ ಮೇಲಿನ ಚುಕ್ಕಿ ತೋರಿಸಿ, ಅತ್ತಿಗೆ ಹೊಡೆದದ್ದು ಅಲ್ಲಿಗೇ ಎಂದಳು. ಡಬ್ಬಿ ಸಾರ್ ಇಬ್ಬರನ್ನೂ ಕೈಮುಗಿದು ಹೊರಗೆ ಕಳಿಸಿದರು.

ಹೋದವರು ಸುಮ್ಮನಿದ್ದರೇ? ಒಂದು ಸಂಜೆ ಚೂಟಿ ಮನೆಗೆ ಬಂದು ನೋಡಿದರೆ ಊಟದ ಮೇಜಿನ ಆಚೆ ಈಚೆ ಇಬ್ಬರೂ ನಿಂತಿದ್ದಾರೆ. ಅಜ್ಜಿಯ ಕೈಯಲ್ಲಿ ತಟ್ಟೆ, ಚಿಕ್ಕಜ್ಜಿಯ ಕೈಯಲ್ಲಿ ಕ್ಯಾಲೆಂಡರಿನ ರಟ್ಟು. ಅಂದು ಯಾರು ಎಲ್ಲಿಂದ ಹೇಗೆ ಹೊಡೆದರೆಂದು ತೋರಿಸಲು ಹೋಗಿ, ಚೆಂಡೇ ಇಲ್ಲದೆ ಆಟ ಶುರುವಾಗಿಬಿಟ್ಟಿತ್ತು. ಸೊಂಟ ನೋವು, ಮಂಡಿ ನೋವು ಎಲ್ಲ ಮರೆತು ಬೀಸುತ್ತಿದ್ದರು. ಇಲ್ಲದ ಚೆಂಡು ಅಲ್ಲವೇ, ಇಬ್ಬರಿಗೂ ಒಂದೂ ತಪ್ಪುತ್ತಿರಲಿಲ್ಲ. ಪಕ್ಕದಲ್ಲಿ ತಾತ ಕುರ್ಚಿ ಹಾಕಿಕೊಂಡು ಎಡಕ್ಕೆ ಬಲಕ್ಕೆ ತಲೆ ಆಡಿಸುತ್ತಿದ್ದ. ಅಂಚಿಗೆ ತಾಗಿತು ಎಂದಳು ಅಜ್ಜಿ. ಇಲ್ಲ ಎಂದಳು ಚಿಕ್ಕಜ್ಜಿ. ಇಬ್ಬರೂ ತಾತನನ್ನು ನೋಡಿದರು. ತಾತ ಕಿವಿಯ ಮಿಷನ್ ಕಳಚಿ ಕಪ್ಪಿನೊಳಗೆ ಹಾಕಿದ.

ಕೊನೆಗೂ ಒಂದು ಮಧ್ಯಾಹ್ನ ಚೂಟಿಗೆ ಚೆಂಡಿನ ಗುಟ್ಟು ಹೊಳೆಯಿತು. ಧೂಳಿಗೆ ಹಿಂದು ಮುಂದು ಇಲ್ಲ, ಎಲ್ಲೆಂದರಲ್ಲಿ ಸ್ಪಷ್ಟವಾದ ಚುಕ್ಕಿಯಾಗಿ ಕೂತಿರುತ್ತದೆ. ಚೆಂಡು ಓಟದಲ್ಲಿ ಅಕ್ಕಿ ಕಾಳಿನಂತೆ ಸ್ವಲ್ಪ ಉದ್ದಕ್ಕೆ ಎಳೆದುಕೊಂಡಿರುತ್ತದೆ, ಮೇಲಾಗಿ ಟೇಬಲಿನ ಮೇಲೆ ಅದಕ್ಕೊಂದು ನೆರಳಿರುತ್ತದೆ. ಆ ಜಾಡು ಹಿಡಿದು ಒಂದೊಂದೇ ಚೌಕ ದಾಟುತ್ತ ಅವಳು ಕೊನೆಯ ಪಾಯಿಂಟಿಗೆ ಬಂದಳು. ಅಜ್ಜಿಯ ಬ್ಯಾಟಿನಿಂದ ಹೊರಟ ಅಕ್ಕಿ ಕಾಳು ಬಲೆ ದಾಟಿತು, ನೆರಳು ಟೇಬಲಿನ ಮೇಲೆ ಜಾರಿತು, ಚೆಂಡು ಅಂಚಿನ ತನಕ ಬಂತು, ಅಂಚು ದಾಟಿ ಕೆಳಗೆ ಹೋಯಿತು. ಚೆಂಡಿಗೂ ಅಂಚಿಗೂ ನಡುವೆ ಬೆರಳು ತೂರಿಸುವಷ್ಟು ಬೆಳಕು. ಅಲ್ಲಿ ಬೂಷ್ಟಿಲ್ಲ, ಗೀರಿಲ್ಲ, ಅನುಮಾನವೂ ಇಲ್ಲ.

ಅದೇ ಚೌಕದಲ್ಲಿ ತಾತನೂ ಇದ್ದ. ಇಡೀ ಆಟ ಎಡಬಲ ತಿರುಗಿದ ತಲೆ ಅಲ್ಲಿ ತಿರುಗಿರಲಿಲ್ಲ. ಅಜ್ಜಿಯ ಕಡೆಗೇ ಸಿಕ್ಕಿಕೊಂಡಿತ್ತು, ಬಾಯಿ ತೆರೆದುಕೊಂಡು.

ಅಂದರೆ ಚಿಕ್ಕಜ್ಜಿ ಹೇಳಿದ್ದೆಲ್ಲ ನಿಜ. ಇಷ್ಟು ಕಾಲ ಬಳಗವೆಲ್ಲ ಸೇರಿ ಅವಳನ್ನು ಸೋತು ಅತ್ತವಳೆಂದು ನಕ್ಕದ್ದೇ ತಪ್ಪು. ಚೂಟಿ ಅಜ್ಜಿಯ ಮುದ್ದಿನ ಮೊಮ್ಮಗಳು, ಆದರೂ ಅವಳಿಗೆ ತಡೆಯಲಾಗಲಿಲ್ಲ. ಮಾರನೆಯ ದಿನ ಯಾರಿಗೂ ಹೇಳದೆ ಚಿಕ್ಕಜ್ಜಿಯೊಬ್ಬಳನ್ನೇ ನೆಲಮಾಳಿಗೆಗೆ ಕರೆತಂದು, ತನ್ನ ಸ್ವೆಟರು ಹೊದಿಸಿ, ಪರದೆಯ ಮುಂದೆ ಕೂರಿಸಿದಳು. ನೀನೇ ಗೆದ್ದದ್ದು ಚಿಕ್ಕಜ್ಜಿ ಎಂದಳು.

ಚಿಕ್ಕಜ್ಜಿ ಕನ್ನಡಕ ಒರೆಸಿ ಬಹಳ ಹೊತ್ತು ನೋಡಿದಳು. ನೋಡುತ್ತಿದ್ದದ್ದು ಚೆಂಡನ್ನಲ್ಲ.

"ಅಣ್ಣನ ಬಾಯಿ ನೋಡೇ. ಸೊಳ್ಳೆ ಹೊಕ್ಕು ಸಂಸಾರ ಹೂಡಿದ್ರೂ ಗೊತ್ತಾಗ್ತಿರ್ಲಿಲ್ಲ," ಎಂದವಳು ನಗಲು ಶುರುಮಾಡಿ ಕೆಮ್ಮು ಬರುವವರೆಗೆ ನಕ್ಕಳು. ನೀರು ಕುಡಿದು ಸುಧಾರಿಸಿಕೊಂಡಮೇಲೆ ಆ ಅಕ್ಕಿ ಕಾಳಿನ ಮೇಲೆ ಬೆರಳಿಟ್ಟಳು. "ಇದು ಚೆಂಡಲ್ಲ ಕಣೇ, ಧೂಳು. ಅಳಿಸಿಬಿಡು."

ಚೂಟಿಗೆ ತಲೆ ಕೆಟ್ಟುಹೋಯಿತು. ನೆರಳಿದೆ, ಜಾಡಿದೆ ಎಂದು ವಾದಿಸಿದಳು. ಇನ್ನು ಮೇಲೆ ಯಾರೂ ಚಿಕ್ಕಜ್ಜಿ ಆಟ ಎನ್ನುವುದಿಲ್ಲ ಎಂದು ಆಸೆ ತೋರಿಸಿದಳು.

"ಅನ್ಲಿ ಬಿಡು, ಆ ನೆಪದಲ್ಲಾದ್ರೂ ದಿನಾ ನೆನೀತಾರೆ," ಚಿಕ್ಕಜ್ಜಿ ಹೇಳಿದಳು. "ಗೆದ್ದೋರು ದೊಡ್ಡ ಮನಸ್ಸು ಮಾಡ್ಕೊಂಡು ಸುಮ್ನಿರ್ಬೇಕು ಮಗು. ಅದು ನನ್ನ ಕೈಲಾಗೋ ಕೆಲ್ಸ ಅಲ್ಲ. ನಿಮ್ಮಜ್ಜಿ ಕಪ್ ಹೊತ್ಕೊಂಡು ಮಹಡಿಗೆ ಬಂದು ಇಟ್ಲು ಅನ್ಕೋ. ಸಂಜೆ ನಾನು ಕೆಳಗಿಳಿದು ಏನ್ ತಿರುಗಿಸ್ಲಿ?"

ಅಂದು ಸಂಜೆ ಅವಳು ಏನೂ ಆಗದವಳಂತೆ ಬಂದು ಕಪ್ಪಿನ ಮುಖ ಗೋಡೆಗೆ ತಿರುಗಿಸಿದಳು. ಅಜ್ಜಿ ಒಳಗಿನಿಂದಲೇ ಕೂಗಾಡಿದಳು. ತಾತ ಜೇಬು ತಡಕಿದ.

ಈಗ ಚೂಟಿ ಮತ್ತೆ ನೆಲಮಾಳಿಗೆಯಲ್ಲಿದ್ದಾಳೆ. ಎಲ್ಲ ಚೆಂಡುಗಳೂ ತಂತಮ್ಮ ಜಾಗಕ್ಕೆ ಮರಳಿವೆ, ಉಳಿದಿರುವುದು ಅದೊಂದೇ. ಮೂಲ ಸ್ಕ್ಯಾನಿನಲ್ಲಿ ಅದು ಇದ್ದೇ ಇರುತ್ತದೆ, ಅದನ್ನು ಯಾರೂ ಮುಟ್ಟುವಂತಿಲ್ಲ. ಆದರೆ ಊರಿನವರು, ಬಳಗದವರು, ಅಜ್ಜಿ ನೋಡುವುದು ಈ ಪ್ರತಿಯನ್ನು. ಇಟ್ಟುಕೊಂಡರೆ ಕಪ್ ಮೆಟ್ಟಿಲು ಹತ್ತುತ್ತದೆ. ಅಳಿಸಿದರೆ ಅಂಚಿನ ಹತ್ತಿರ ಬಂದ ಚೆಂಡು ಮಾಯವಾಗುತ್ತದೆ, ಜಗಳ ಚಿರಾಯುವಾಗುತ್ತದೆ. ಯಾರ ಪಕ್ಷವನ್ನೂ ಕಟ್ಟದಿರಲೆಂದು ಅವಳಿಂದ ಆಣೆ ಮಾಡಿಸಿದ್ದು ಕಪ್ಪಿನ ಎರಡೂ ಕಡೆ ಮುಟ್ಟಿಸಿ. ಹಿಂದೆ ಡಬ್ಬಿ ಸಾರ್ ನಿಂತಿದ್ದಾರೆ. ಆ ಪ್ರದರ್ಶನ ಆದಮೇಲೆ ಅವರು ಚೂಟಿಯ ಕೆಲಸವನ್ನು ಮೂಸುವುದು ಬಿಟ್ಟು ಕಣ್ಣಲ್ಲೇ ನೋಡುತ್ತಾರೆ.

"ಅದೇನಮ್ಮ ಅದು," ಅವರು ಕೇಳಿದರು. "ಚೆಂಡೋ, ಧೂಳೋ?"

ಪರದೆಯ ಮೇಲೆ ಎರಡು ಗುಂಡಿ ಮಿನುಗುತ್ತಿವೆ, ಇಟ್ಟುಕೊಳ್ಳಲೇ, ಅಳಿಸಲೇ. ಚೂಟಿಯ ಬೆರಳು ಅವೆರಡರ ನಡುವೆ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಆಡುತ್ತಿದೆ, ಥೇಟ್ ತಾತನ ತಲೆಯ ಹಾಗೆ. ಈಗ ನೀವೇ ಹೇಳಿ, ಆ ಕುರ್ಚಿಯಲ್ಲಿ ನೀವಿದ್ದಿದ್ದರೆ ಯಾವುದನ್ನು ಒತ್ತುತ್ತಿದ್ದಿರಿ?